ಮೂರು ಮೂಳೆ ಯಾಕೆ ಬೇಕು?

ನಮಸ್ಕಾರ,

ಕಿವಿಯ ರಚನೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಚೆನ್ನಾಗಿ ಓದಿಕೊಂಡು ಬರೆದಿದ್ದೀರಿ. ಸಂತೋಷ. ಆದರೆ ನಾಲ್ಕನೇ ಪ್ಯಾರಾ ನೋಡಿ ನನಗೆ ನಿಜವಾಗಿಯೂ ಸಿಟ್ಟು ಬಂತು.

"ಮಧ್ಯಕಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಿವೆ." ಸರಿ. "ರಿಕಾಪು ದೇಹದ ಅತಿ ಚಿಕ್ಕ ಮೂಳೆ." ಇದೂ ಸರಿ, ಸುಮಾರು 3 ಮಿಲಿಮೀಟರ್. "ಇವು ಶಬ್ದವನ್ನು ಒಳಗಿವಿಗೆ ಸಾಗಿಸುತ್ತವೆ." ಅಷ್ಟೇನಾ? ಸುಮ್ನೆ ಸಾಗಿಸುವುದಕ್ಕೆ ಮೂರು ಮೂಳೆ ಯಾಕೆ? ಕಿವಿತಮಟೆಯ ಬೆನ್ನಿಗೇ ಒಳಗಿವಿ ಇದ್ದಿದ್ದರೆ ಆಗುತ್ತಿರಲಿಲ್ಲವೇ?

ಆಗುತ್ತಿರಲಿಲ್ಲ. ಒಳಗಿವಿಯಲ್ಲಿ ತುಂಬಿರುವುದು ದ್ರವ. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ದ್ರವಕ್ಕೆ ಬಡಿದರೆ ಹೆಚ್ಚುಕಮ್ಮಿ ಎಲ್ಲವೂ ವಾಪಸ್. ನೀರಲ್ಲಿ ಮುಳುಗಿದಾಗ ದಡದವರ ಮಾತು ಸರಿಯಾಗಿ ಕೇಳಿಸಲ್ಲ, ಅಲ್ವಾ? ಆ ನಷ್ಟ ತುಂಬಲು ಈ ಮೂಳೆಗಳು. ತಮಟೆಯಲ್ಲಿ ಅದುರುವ ಭಾಗ ಸುಮಾರು 55 ಚದರ ಮಿಲಿಮೀಟರ್. ರಿಕಾಪಿನ ಪಾದ ಒತ್ತುವ ಅಂಡಾಕಾರದ ಕಿಟಕಿ 3 ಚದರ ಮಿಲಿಮೀಟರಿಗಿಂತ ಚೂರು ಜಾಸ್ತಿ. ಅಷ್ಟಗಲದ ಬಲವೆಲ್ಲ ಇಷ್ಟೇ ಜಾಗಕ್ಕೆ ಬಂದು ಬೀಳುತ್ತದೆ. ಜೊತೆಗೆ ಮೂಳೆಗಳ ಸನ್ನೆಗೋಲಿನ ಕೆಲಸ. ಒತ್ತಡ ಸುಮಾರು 20 ಪಟ್ಟು ಏರುತ್ತದೆ. ಇಡೀ ಕಿವಿಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು. ನೀವು ಅದನ್ನು ಹಾರಿಸಿ ಹೋಗಿದ್ದೀರಿ!

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಸಂಪಾದಕರೊಬ್ಬರು ನನ್ನ ಬರಹದಲ್ಲಿ ಬಂದ ಪ್ರತಿ ಅಂಗದ ಹೆಸರಿಗೂ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರು. "ಇದನ್ನು ತೆಗೆದರೆ ಏನಾಗುತ್ತೆ?" ಅಂತ ಒಂದೇ ಪ್ರಶ್ನೆ. ಉತ್ತರ ತರುವವರೆಗೂ ಹಾಳೆ ಅವರ ಮೇಜಿನ ಮೇಲೇ. ಅಳು ಬರುತ್ತಿತ್ತು. ಆದರೆ ನಾನು ದೇಹದ ಬಗ್ಗೆ ಬರೆಯಲು ಕಲಿತದ್ದು ಆ ಮೇಜಿನ ಮುಂದೆಯೇ.

ಒಳಗಿವಿಯ ಸುರುಳಿ ಕೊಳವೆಯಾದ ಕಾಕ್ಲಿಯಾ ಬಗ್ಗೆ ಇನ್ನೊಂದು ಸಾಲು: "ಕಾಕ್ಲಿಯಾ ಶಬ್ದವನ್ನು ಮೆದುಳಿಗೆ ಕಳಿಸುತ್ತದೆ." ಮೆದುಳಿಗೆ ಶಬ್ದ ಹೋಗುವುದೇ ಇಲ್ಲ. ಕಾಕ್ಲಿಯಾದೊಳಗಿನ ಪೊರೆ ಅದುರಿ, ಅದರ ಮೇಲಿನ ಕೂದಲುಕೋಶಗಳ ಕೂದಲು ಬಾಗಿದಾಗ ಹುಟ್ಟುವ ಸಂಕೇತ ನರದಲ್ಲಿ ಹೋಗುತ್ತದೆ. ಆ ಪೊರೆ ಬುಡದಲ್ಲಿ ಬಿಗಿ, ಅಲ್ಲಿ ಕೀರಲು ಸದ್ದಿಗೆ ಹೆಚ್ಚು ಅದುರುತ್ತದೆ. ತುದಿಯಲ್ಲಿ ಸಡಿಲ, ಅಲ್ಲಿ ದಪ್ಪ ಸದ್ದಿಗೆ. ಈ ಅದುರು ಪೊರೆಯ ಮೇಲೆ ಅಲೆಯಾಗಿ ಸಾಗುವುದನ್ನು ಕಂಡವರು ವಿಜ್ಞಾನಿ ಬೆಕೆಶಿ. ನೀವು ಅವರ ಹೆಸರು, 1961ರ ನೊಬೆಲ್ ಎರಡನ್ನೂ ಬರೆದಿದ್ದೀರಿ. ಅವರು ಕಂಡದ್ದೇನು ಅಂತ ಮಾತ್ರ ಇಲ್ಲ.

ಈ ಎರಡು ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಜಾಗ ಸಾಲದಿದ್ದರೆ ಹೊರಕಿವಿಯ ಮಡಿಕೆಗಳ ವರ್ಣನೆ ಕತ್ತರಿಸಿ.