ಹಬ್ಬ ಇನ್ನೂ ಮೂರು ವಾರ ಇದೆ, ನಿದ್ದೆ ಈಗಲೇ ಹೋಗಿದೆ

ಪ್ರಶ್ನೆ: ನನಗೆ 36 ವರ್ಷ, ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಗಣೇಶ ಚೌತಿಗೆ ನಮ್ಮ ಮನೆಗೆ ಇಪ್ಪತ್ತು ಜನ ಊಟಕ್ಕೆ ಬರುತ್ತಾರೆ. ಕಡುಬು, ಒಬ್ಬಟ್ಟು, ಚಕ್ಕುಲಿ ಎಲ್ಲವೂ ಮನೆಯಲ್ಲೇ ಆಗಬೇಕು ಎನ್ನುತ್ತಾರೆ ಅತ್ತೆ. ಗಂಡ ‘ಏನ್ ಮಾಡ್ಬೇಕು ಹೇಳು, ಮಾಡ್ತೀನಿ’ ಅನ್ನುತ್ತಾರೆ. ಕಳೆದ ವರ್ಷ ಮಧ್ಯಾಹ್ನದ ಹೊತ್ತಿಗೆ ತಲೆನೋವು, ವಾಂತಿ ಬಂದು ಮಲಗಿಬಿಟ್ಟೆ. ಈ ಸಲ ಈಗಿನಿಂದಲೇ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ತಲೆನೋವಿನ ವಿಷಯ. ಹಿಂದಿನ ರಾತ್ರಿ ಅರೆನಿದ್ದೆ, ಪೂಜೆ ಮುಗಿಯುವವರೆಗೆ ಉಪವಾಸ, ನಡುವೆ ಬರೀ ಕಾಫಿ, ಮೇಲೆ ಒಲೆಯ ಬಿಸಿ. ಮೈಗ್ರೇನ್ ಕೆರಳಲು ಇಷ್ಟು ಸಾಕು. ಉಪವಾಸವಿದ್ದರೂ ಹಾಲು, ಬಾಳೆಹಣ್ಣಿಗೆ ಬಹಳ ಮನೆಗಳಲ್ಲಿ ಅಡ್ಡಿಯಿಲ್ಲ. ಏಳು ಗಂಟೆಯೊಳಗೆ ತೆಗೆದುಕೊಳ್ಳಿ, ಆಗಾಗ ನೀರು ಕುಡಿಯಿರಿ. ಬೇರೆ ದಿನಗಳಲ್ಲೂ ಇಂಥ ತಲೆನೋವು ಬರುತ್ತಿದ್ದರೆ ವೈದ್ಯರಿಗೆ ತೋರಿಸಿ. ನಿದ್ದೆಗೇಡು, ಎದೆಬಡಿತ ಎರಡು ವಾರ ದಾಟಿಯೂ ಹೋಗದಿದ್ದರೆ ಹಬ್ಬ ಮುಗಿಯಲೆಂದು ಕಾಯಬೇಡಿ. ಟೆಲಿ ಮಾನಸ್ 14416 ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ನಿದ್ದೆ ಕೆಡಿಸುತ್ತಿರುವುದು ಕೆಲಸಕ್ಕಿಂತ ಹೆಚ್ಚಾಗಿ ಅದರ ಪಟ್ಟಿ. ತೋರಣದಿಂದ ವಿಸರ್ಜನೆಯವರೆಗೆ ಎಲ್ಲವೂ ನಿಮ್ಮೊಬ್ಬರ ತಲೆಯಲ್ಲಿದೆ. ಈ ಭಾನುವಾರವೇ ಅದನ್ನು ಕಾಗದಕ್ಕಿಳಿಸಿ ಮೂವರೂ ಕೂತು ಮಾತಾಡಿ. ಹಬ್ಬದ ಹಿಂದಿನ ದಿನ ‘ಒಬ್ಬಟ್ಟು ಬೇಡ’ ಅಂದರೆ ಅದು ಜಗಳ. ಮೂರು ವಾರ ಮೊದಲು ಅಂದರೆ ಲೆಕ್ಕಾಚಾರ. ಅತ್ತೆಯನ್ನು ‘ಯಾವುದನ್ನು ಬಿಡೋಣ’ ಎಂದು ಕೇಳಬೇಡಿ. ‘ನೈವೇದ್ಯಕ್ಕೆ ಬೇಕೇ ಬೇಕಾದ್ದು ಏನೇನು?’ ಎಂದು ಕೇಳಿ. ಕಡುಬು, ಪಾಯಸ, ಕೋಸಂಬರಿ, ಅನ್ನ, ತೊವ್ವೆ: ಸಾಮಾನ್ಯವಾಗಿ ಪಟ್ಟಿ ಅಲ್ಲಿಗೆ ನಿಲ್ಲುತ್ತದೆ. ಉಳಿದದ್ದೆಲ್ಲ ನೆಂಟರಿಗೆ. ಒಬ್ಬಟ್ಟನ್ನು ಹೋಳಿಗೆ ಮನೆಯಿಂದ ತರಿಸಿದರೆ ಗಣಪನೇನೂ ಮುನಿಸಿಕೊಳ್ಳುವುದಿಲ್ಲ.

ಗಂಡನಿಗೆ ಬಿಡಿ ಕೆಲಸ ಹೇಳುವುದೂ ನಿಮಗೊಂದು ಕೆಲಸವೇ. ಹೂವು, ಹಣ್ಣು, ಗರಿಕೆ, ಮಣ್ಣಿನ ಗಣಪ, ಮಂಟಪ, ವಿಸರ್ಜನೆ ಇಷ್ಟನ್ನೂ ಪೂರ್ತಿ ಅವರಿಗೇ ಒಪ್ಪಿಸಿ. ನೆನಪಿಸಲು ಹೋಗಬೇಡಿ. ಗರಿಕೆ ಮರೆತರೆ ಅವರೇ ಓಡಲಿ.

ಇನ್ನು ಅಡುಗೆ. ಚಕ್ಕುಲಿ, ಕೋಡುಬಳೆ ಹಿಂದಿನ ವಾರಾಂತ್ಯದಲ್ಲೇ ಕರಿದಿಡಬಹುದು. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಆವಿಗೆ ಮೆತ್ತಗಾಗುತ್ತದೆ, ಪೂರ್ತಿ ಆರಲಿ. ಕಡುಬಿನ ಕಾಯಿ-ಬೆಲ್ಲದ ಹೂರಣವನ್ನು ಗೌರಿ ಹಬ್ಬದ ಸಂಜೆ ಮಾಡಿ ಫ್ರಿಜ್‌ನಲ್ಲಿಡಿ. ಮಡಿಯ ಮನೆಯಾದರೆ ನೈವೇದ್ಯಕ್ಕೆ ಬೇಕಾದ ಅರ್ಧ ಹೋಳು ಕಾಯಿಯದ್ದು ಮಾತ್ರ ಬೆಳಿಗ್ಗೆ ಹೊಸದಾಗಿ ಆಗಲಿ, ನೆಂಟರಿಗೆ ಹಿಂದಿನ ದಿನದ್ದೇ ಸಾಕು. ಹೂರಣ ಉಂಡೆ ಕಟ್ಟುವಂತಾದ ತಕ್ಷಣ ಇಳಿಸಿ. ನೀರಾಗಿದ್ದರೆ ಕಡುಬು ಒಡೆಯುತ್ತದೆ, ಹೆಚ್ಚು ಕಾಯಿಸಿದರೆ ಆರಿದ ಮೇಲೆ ಗಟ್ಟಿ. ಅಕ್ಕಿಹಿಟ್ಟಿನ ಕಣಕ ಮಾತ್ರ ಬೆಳಿಗ್ಗೆಯೇ ಆಗಬೇಕು, ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿರಲಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಕೋಸಂಬರಿಗೆ ಉಪ್ಪು ಬಡಿಸುವ ಮುಂಚೆ ಹಾಕಿ. ಬಾಗಿನದ ಮೊರ, ಬಳೆ, ಕನ್ನಡಿ, ಧಾನ್ಯ ಕೆಡುವ ಸಾಮಾನಲ್ಲ, ವಾರ ಮೊದಲೇ ಜೋಡಿಸಿಡಿ. ಗೌರಿಯ ರಾತ್ರಿ ಹತ್ತಕ್ಕೆ ಅಡುಗೆಮನೆಯ ದೀಪ ಆರಲಿ, ಏನೇ ಬಾಕಿಯಿದ್ದರೂ.

ಅಂದು ಎದೆ ಹೊಡೆದುಕೊಂಡರೆ ಒಂದು ಕೋಣೆಗೆ ಹೋಗಿ ಐದು ನಿಮಿಷ ಕೂತುಬಿಡಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ತಡೆದು ಹಿಡಿಯುವುದು ಬೇಡ.

ಊಟವಾದ ಮೇಲಿನ ಪಾತ್ರೆಗಳನ್ನು ಈ ಪಟ್ಟಿಗಳಲ್ಲಿ ಯಾರೂ ಬರೆಯುವುದಿಲ್ಲ. ಮನೆಗೆಲಸದವರಿಗೂ ಅಂದೇ ಹಬ್ಬ, ರಜೆ ಹಾಕುತ್ತಾರೆ. ಈಗಲೇ ಕೇಳಿಕೊಳ್ಳಿ; ಬರುವುದಿಲ್ಲವೆಂದರೆ ಬಾಳೆಎಲೆಗೆ ಹೇಳಿಡಿ, ದೊಡ್ಡ ಪಾತ್ರೆಗಳನ್ನು ಯಾರು ತಿಕ್ಕುತ್ತಾರೆ ಎಂಬುದನ್ನೂ ಆ ಭಾನುವಾರವೇ ಹೆಸರು ಹಾಕಿ ಬರೆದುಕೊಳ್ಳಿ.