ನೀವು ಕೇಳಿದಿರಿ: ಚಿನ್ನದ ನಶ್ಯದ ಡಬ್ಬಿಗಳು

ಪ್ರಶ್ನೆ: ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಹಳೆಯ ಚಿನ್ನದ ನಶ್ಯದ ಡಬ್ಬಿಗಳನ್ನು ನೋಡಿ ಬಂದೆ. ಒಂದೇ ಮುಚ್ಚಳದ ಮೇಲೆ ಕೆಂಪು ಹೂವು, ಹಸಿರು ಎಲೆ! ಅದು ಬಣ್ಣ ಬಳಿದಿದ್ದಾ? (ಓದುಗರು, ಮೈಸೂರು)

ಉತ್ತರ: ಎನಾಮಲ್ (ಗಾಜಿನಂಥ ಬಣ್ಣದ ಲೇಪ) ಹಾಕಿದ ಡಬ್ಬಿಗಳೂ ಅಲ್ಲಿವೆ. ಆದರೆ ಆ ಹೂವು, ಎಲೆ ಲೋಹದ ಹಾಗೇ ಹೊಳೆಯುತ್ತಿದ್ದರೆ ಅದು ಚಿನ್ನವೇ. ತಾಮ್ರ ಜಾಸ್ತಿ ಸೇರಿದರೆ ಚಿನ್ನ ಕೆಂಪಾಗುತ್ತದೆ, ನಮ್ಮ ಅಕ್ಕಸಾಲಿಗರನ್ನು ಕೇಳಿದರೂ ಹೇಳುತ್ತಾರೆ. ಮೂರು ಪಾಲು ಚಿನ್ನಕ್ಕೆ ಒಂದು ಪಾಲು ಬೆಳ್ಳಿ ಹಾಕಿದರೆ ತಿಳಿ ಹಸಿರು. 18ನೇ ಶತಮಾನದ ಪ್ಯಾರಿಸ್ಸಿನ ಕೆಲಸಗಾರರು ಇಂಥ ಚಿನ್ನದಲ್ಲಿ ಒಂದೊಂದೇ ಎಲೆ, ಒಂದೊಂದೇ ಎಸಳು ಕತ್ತರಿಸಿ, ಬೆಸುಗೆ ಹಾಕಿ, ಆಮೇಲೆ ಸಣ್ಣ ಉಳಿಯಿಂದ ನರಗಳನ್ನು ಮೂಡಿಸುತ್ತಿದ್ದರು. ಬೆಸುಗೆ ಕರಗಬೇಕು, ಎಲೆ ಕರಗಬಾರದು. ಉರಿ ಸ್ವಲ್ಪ ಹೆಚ್ಚಾದರೆ ವಾರಗಟ್ಟಲೆ ಮಾಡಿದ ಕೆಲಸ ಹೋಯಿತು.

ಪ್ರಶ್ನೆ: ಮೂಗಿಗೆ ಏರಿಸುವ ನಶ್ಯಕ್ಕೆ ಇಷ್ಟೊಂದು ವೈಭವ ಯಾಕೆ? (ಓದುಗರು, ಹುಬ್ಬಳ್ಳಿ)

ಉತ್ತರ: ನಶ್ಯ ಆಗಿನ ಯುರೋಪಿನ ಅರಮನೆಗಳ ಫ್ಯಾಷನ್ ಆಗಿತ್ತು, ಡಬ್ಬಿ ಅಂತಸ್ತಿನ ಗುರುತಾಗಿತ್ತು. ಫ್ರಾನ್ಸಿನ ರಾಜರು ತಮ್ಮ ಚಿತ್ರವಿರುವ, ವಜ್ರ ಕೂರಿಸಿದ ಡಬ್ಬಿಗಳನ್ನು ರಾಯಭಾರಿಗಳಿಗೆ ಉಡುಗೊರೆ ಕೊಡುತ್ತಿದ್ದರು. ಅದನ್ನು ಮಾರಿ ದುಡ್ಡು ಮಾಡಿಕೊಂಡವರೂ ಇದ್ದರು.

ಆದರೆ ನನ್ನ ಕೇಳಿದರೆ, ವಜ್ರ ಬಿಡಿ, ಕೀಲು ನೋಡಿ. ನಮ್ಮಜ್ಜನ ತಗಡಿನ ನಶ್ಯದ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು, ಅಂಗಿ ಜೇಬಿನ ಮೂಲೆ ಸದಾ ಕಂದು ಬಣ್ಣ, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ನಶ್ಯದ ಪುಡಿ ಅಷ್ಟು ನುಣುಪು. ಗಾಳಿಯಾಡಿದರೆ ಒಣಗಿ ಘಮವೂ ಹೋಗುತ್ತದೆ. ಹಾಗಾಗಿ ಪುಡಿ ಹೊರಗೆ ಬರಬಾರದು, ಗಾಳಿ ಒಳಗೆ ಹೋಗಬಾರದು, ಆದರೂ ಹೆಬ್ಬೆರಳು ಸೋಕಿದರೆ ಮುಚ್ಚಳ ತೆರೆಯಬೇಕು. ಅದಕ್ಕೆ ಪ್ಯಾರಿಸ್ಸಿನವರು ಚಿನ್ನದ ಸಣ್ಣ ಸಣ್ಣ ಕೊಳವೆಗಳನ್ನು ಒಂದು ಮುಚ್ಚಳಕ್ಕೆ, ಮುಂದಿನದು ಡಬ್ಬಿಗೆ ಹೀಗೆ ಬೆಸೆದು, ನಡುವೆ ಒಂದೇ ಕಡ್ಡಿ ತೂರಿಸುತ್ತಿದ್ದರು, ಕೊನೆಗೆ ಎಲ್ಲವನ್ನೂ ಅಂಚಿನ ಮಟ್ಟಕ್ಕೆ ಉಜ್ಜಿಬಿಡುತ್ತಿದ್ದರು. ಮುಚ್ಚಿದ ಮೇಲೆ ಕೀಲು ಎಲ್ಲಿದೆ ಅಂತ ಹುಡುಕಬೇಕು! ಅಲ್ಲಿನ ಅಕ್ಕಸಾಲಿಗ ಝಾನ್ ದ್ಯುಕ್ರೊಲೆಯಂಥವರ ಡಬ್ಬಿಗಳಿಗೆ ಇಂದಿಗೂ ಬೆಲೆ ಇರುವುದು ಬರೀ ಚಿನ್ನದ ತೂಕಕ್ಕಲ್ಲ.

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ 'ಪ್ಯಾರಿಸ್, 18ನೇ ಶತಮಾನ' ಅಂತ ಒಂದು ಡಬ್ಬಿ ಇದೆ. ಮುದ್ರೆಗಳೂ ಇವೆ. ನಂಬಬಹುದಾ? (ಓದುಗರು, ಬೆಂಗಳೂರು)

ಉತ್ತರ: ಮುದ್ರೆ ಇದೆ ಅಂತ ಸುಮ್ನೆ ನಂಬಬೇಡಿ. ಅಸಲಿ ಪ್ಯಾರಿಸ್ ಡಬ್ಬಿಯಲ್ಲಿ ಮಾಡಿದವನ ಮುದ್ರೆ, ವರ್ಷ ಹೇಳುವ ಅಕ್ಷರ, ಕೆಲಸದ ಶುರುವಿಗೊಂದು ಮತ್ತು ತೆರಿಗೆ ಕಟ್ಟಿದ ಮೇಲೊಂದು ಮುದ್ರೆ ಇರುತ್ತವೆ. ಜರ್ಮನಿಯ ಹಾನೌ ಊರಿನಲ್ಲಿ ಪ್ಯಾರಿಸ್ ಮುದ್ರೆಯನ್ನೇ ಹೋಲುವ ಗುರುತು ಹಾಕಿದ ಡಬ್ಬಿಗಳು ಬೇಕಾದಷ್ಟು ತಯಾರಾದವು. ಅವೂ ಚಂದವೇ, ಆದರೆ ಬೆಲೆ ಬೇರೆ. ತಿಳಿದವರಿಗೆ ಡಬ್ಬಿಯನ್ನೇ ತೋರಿಸಿ, ಫೋಟೋ ಸಾಲದು.

ಪ್ರಶ್ನೆ: ನಿಮಗೆ ತುಂಬಾ ಇಷ್ಟವಾದ ಡಬ್ಬಿ ಯಾವುದು? (ಓದುಗರು, ಶಿರಸಿ)

ಉತ್ತರ: ಜರ್ಮನಿಯ ಡ್ರೆಸ್ಡೆನ್‌ನ ಯೋಹಾನ್ ಕ್ರಿಸ್ಟಿಯಾನ್ ನಾಯ್ಬರ್ (1736–1808) ಮಾಡಿದವು. ತನ್ನ ಸ್ಯಾಕ್ಸನಿ ನಾಡಿನ ಅಗೇಟ್, ಜಾಸ್ಪರ್ ಕಲ್ಲುಗಳನ್ನು ತೆಳ್ಳಗೆ ಸೀಳಿ, ಚಿನ್ನದ ಪುಟ್ಟ ಮನೆಗಳಲ್ಲಿ ಕೂರಿಸುತ್ತಿದ್ದ. ಕೆಲವು ಡಬ್ಬಿಗಳಲ್ಲಿ ಪ್ರತಿ ಕಲ್ಲಿನ ಪಕ್ಕದ ಚಿನ್ನದ ಅಂಚಿನ ಮೇಲೆ ಒಂದು ನಂಬರ್ ಕೊರೆದಿರುತ್ತದೆ. ಜೊತೆಗೆ ಒಂದು ಪುಟಾಣಿ ಪುಸ್ತಕ. ನಂಬರ್ ನೋಡಿ ಪುಟ ತಿರುಗಿಸಿದರೆ ಅದು ಯಾವ ಕಲ್ಲು, ಎಲ್ಲಿ ಸಿಕ್ಕಿದ್ದು ಅಂತ ಬರೆದಿರುತ್ತದೆ.