ಬೆನ್ನು ತಿರುಗಿಸಿ ಕೂರುವ ನಿಯಮ

ಮಕ್ಕಳು ಆಟಕ್ಕೆ ಬರಲೊಲ್ಲರು ಎಂಬ ದೂರು ಹೊತ್ತು ಬರುವ ತಂದೆತಾಯಂದಿರಲ್ಲಿ ಅರ್ಧಕ್ಕರ್ಧ ಮಂದಿ, ಮಕ್ಕಳ ಪಾಲಿನ ಆಟವನ್ನು ತಾವೇ ಆಡುತ್ತಿರುತ್ತಾರೆ. ಅಕ್ಕರೆಯಿಂದಲೇ. ಈ ಪ್ರಕರಣವೂ ಅಂಥದ್ದೇ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ 17 ವರ್ಷ. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲುಗಳೆಲ್ಲ ಬಿಗಿ, ಮಾತು ಬಾರದು, ಬುದ್ಧಿ ಚುರುಕು. ತಲೆಪಟ್ಟಿಗೆ ಸಿಕ್ಕಿಸಿದ ಕಡ್ಡಿಯಿಂದ ಅಕ್ಷರಫಲಕ ಮುಟ್ಟಿ ಹೇಳಬೇಕಾದ್ದನ್ನು ಹೇಳುತ್ತಾನೆ. ಗಾಲಿಕುರ್ಚಿಯಲ್ಲಿ ಕೂತು ಆಡುವ ಬೋಚಾ ಎಂಬ ಚೆಂಡಾಟಕ್ಕೆ ಸೇರಿಸಿ ನಾಲ್ಕು ತಿಂಗಳಾಗಿತ್ತು. ಈಗೀಗ ಅಂಕಣ ಕಂಡರೆ ಕಣ್ಣು ಮುಚ್ಚಿಬಿಡುತ್ತಿದ್ದ. "ಸೋಮಾರಿ ಆಗ್ಬಿಟ್ಟಿದ್ದಾನೆ ಮೇಡಂ" ಎಂದರು ತಾಯಿ.

ಬೋಚಾದಲ್ಲಿ ಒಂದು ಬಿಳಿ ಚೆಂಡು, ಆರು ಕೆಂಪು, ಆರು ನೀಲಿ. ತನ್ನ ಚೆಂಡನ್ನು ಬಿಳಿಯ ಹತ್ತಿರಕ್ಕೆ ಸೇರಿಸುವುದೇ ಆಟ. ಚೆಂಡು ಎಸೆಯಲು ಆಗದವರದು ಬಿಸಿ3 ವಿಭಾಗ. ಅವರು ಇಳಿಜಾರಾದ ರ‍್ಯಾಂಪಿನ ಮೇಲಿಂದ ಚೆಂಡು ಬಿಡುತ್ತಾರೆ, ಆಟಗಾರರು ಸೂಚಿಸಿದಂತೆ ಸಹಾಯಕರು ರ‍್ಯಾಂಪ್ ಸರಿಸುತ್ತಾರೆ. ಆಟ ನಡೆಯುವಾಗ ಸಹಾಯಕರು ಅಂಕಣಕ್ಕೆ ಬೆನ್ನು ಹಾಕಿಯೇ ಕೂರಬೇಕು, ತಿರುಗಿ ನೋಡುವಂತಿಲ್ಲ. ಈ ಮನೆಯವರು ನಿಯಮವನ್ನು "ಸ್ಪರ್ಧೆಗೆ ಹೋದಾಗ ನೋಡ್ಕೊಳ್ಳೋಣ" ಎಂದು ಬದಿಗಿಟ್ಟಿದ್ದರು.

ಮೂರನೇ ಭೇಟಿಯನ್ನು ಅಂಕಣದಲ್ಲೇ ಇಟ್ಟುಕೊಂಡೆ. ತಾಯಿ ತಾವೇ ಗುರಿ ನೋಡಿ ರ‍್ಯಾಂಪ್ ಹೊಂದಿಸಿ, ಚೆಂಡು ಇಟ್ಟು, "ತಳ್ಳು ಪುಟ್ಟಾ" ಎನ್ನುತ್ತಿದ್ದರು. ಅವನು ಕಡ್ಡಿಯಿಂದ ತಳ್ಳುತ್ತಿದ್ದ. ಆರರಲ್ಲಿ ನಾಲ್ಕು ಬಿಳಿಯ ಬಳಿಯೇ ನಿಂತವು. ತಾಯಿ ಚಪ್ಪಾಳೆ ತಟ್ಟಿದರು. ಹುಡುಗ ಮೇಲೆ ಚಾವಣಿ ನೋಡುತ್ತಿದ್ದ.

ಅವರ ಸ್ಟೂಲನ್ನು ತಿರುಗಿಸಿದೆ. ಕೈ ರ‍್ಯಾಂಪಿನ ಮೇಲೆ, ಕಣ್ಣು ಮಗನ ಮುಖದ ಮೇಲೆ. ಅವನ ನೋಟ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಮೇಲಕ್ಕೆ ಹೋದರೆ ಚೆಂಡು ಮೇಲಕ್ಕೆ, ಕಣ್ಣು ಮುಚ್ಚಿ ತೆರೆದರೆ ಸರಿ ಎಂದರ್ಥ. "ಎಡಕ್ಕಾ?" ಎಂದು ಕೇಳಬೇಡಿ, ಕೇಳಿದರೆ ಅದೇ ಸೂಚನೆಯಾಗುತ್ತದೆ ಎಂದೆ. ಮನಸ್ಸಿನಲ್ಲೇ 15 ಎಣಿಸಿ ಕಾಯಿರಿ ಎಂದೂ ಹೇಳಿದೆ. ಆರು ಚೆಂಡಿನ ಒಂದು ಸುತ್ತಿಗೆ ಬಿಸಿ3 ಆಟಗಾರರಿಗೆ 6 ನಿಮಿಷ ಸಿಗುವುದು ಸುಮ್ಮನೆ ಅಲ್ಲ.

ಮೊದಲ ಚೆಂಡು ಗೆರೆ ದಾಟಿ ಆಚೆ ಹೋಯಿತು. ಎರಡನೆಯದು ಅರ್ಧದಲ್ಲೇ ನಿಂತಿತು. ಮೂರನೆಯದು ಬಿಳಿಯನ್ನು ಬಿಟ್ಟು ಎತ್ತಲೋ ಉರುಳಿತು. ತಾಯಿ ಗಕ್ಕನೆ ತಿರುಗಿದರು: "ನೋಡಿ ಮೇಡಂ, ಅವನಿಗಾಗಲ್ಲ ಅಂತ ಹೇಳಿರ್ಲಿಲ್ವಾ?" ಹುಡುಗ ಫಲಕಕ್ಕಾಗಿ ತಲೆ ಆಡಿಸಿದ. ಒಂದೊಂದೇ ಅಕ್ಷರ ಮುಟ್ಟಿದ: ತಪ್ಪು ನಂದು. ಉಸಿರು ತೆಗೆದುಕೊಂಡು ಮತ್ತೆ: ಇನ್ನೊಂದು ಕೊಡು.

ಅಲ್ಲಿಯವರೆಗೆ ಅವನದೇ ಎನ್ನುವಂಥ ಒಂದು ತಪ್ಪು ಎಸೆತವೂ ಇರಲಿಲ್ಲ. ಗೆದ್ದ ಎಸೆತಗಳೂ ಅವನವಾಗಿರಲಿಲ್ಲ ಎನ್ನುವುದು ಅವನಿಗೆ ನಮಗಿಂತ ಮೊದಲೇ ತಿಳಿದಿತ್ತು.

ತಾಯಿಯನ್ನು ಬಿಡಿಸಿ ಬೇರೆ ಸಹಾಯಕರನ್ನು ಹಾಕಬೇಕಿತ್ತು ಎಂದು ಆಕ್ಷೇಪಿಸಿದವರುಂಟು. ಮುಂದೆ ಹಾಕಬಹುದು, ಹಾಕಲೂ ಬೇಕು. ಆದರೆ ಹೊಸಬರೂ ವಾರದೊಳಗೆ ತಾವೇ ಗುರಿ ಹಿಡಿಯತೊಡಗುತ್ತಾರೆ. ಈ ಚಾಳಿ ತಾಯಂದಿರದಷ್ಟೇ ಅಲ್ಲ. ಹೊರಗೆ ಕೂರಿಸಿದ್ದರೆ ಆಕೆಗೆ ಕೇಳಿಸುತ್ತಿದ್ದುದು "ತಪ್ಪು ನಿಮ್ಮದು" ಎಂದು ಮಾತ್ರ. ಬೆನ್ನು ತಿರುಗಿಸಿ ಎಂದಿದ್ದು ನಾನಲ್ಲ, ಆಟದ ನಿಯಮ. ಅದರ ಮೇಲೆ ಮುನಿಸು ಬರುವುದಿಲ್ಲ.

ಮನೆಗೆ ಕೊಟ್ಟ ಸಲಹೆಗಳು ಇಷ್ಟು. ಚೆಂಡಿನ ಸುತ್ತಳತೆ 270 ಮಿ.ಮೀ., ಅಂದರೆ ಅಡ್ಡಳತೆ ಸುಮಾರು 86. ಹಾಗಾಗಿ 110 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಅಭ್ಯಾಸಕ್ಕೆ ರ‍್ಯಾಂಪ್ ಸಿದ್ಧ; ಸೀಳಿದ ಅಂಚನ್ನು ಉಜ್ಜಿ ನುಣುಪು ಮಾಡಿ. ಕೆಳತುದಿ ನೆಲಕ್ಕೆ ತಾಗಿರಲಿ, ಎತ್ತರದಲ್ಲಿದ್ದರೆ ಚೆಂಡು ಪುಟಿದು ದಿಕ್ಕು ತಪ್ಪುತ್ತದೆ. ಪೈಪಿನ ಮೇಲೆ 5 ಸೆಂ.ಮೀ.ಗೊಂದು ಟೇಪಿನ ಗುರುತು ಹಾಕಿ. ಮೇಲಿಂದ ಬಿಟ್ಟಷ್ಟೂ ಚೆಂಡು ದೂರ ಹೋಗುತ್ತದೆ. ಮೊದಲ ಎರಡು ವಾರ ದೂರ ಮಾತ್ರ ಬದಲಾಗಲಿ, ದಿಕ್ಕು ಬೇಡ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಎಲ್ಲಿ ತಪ್ಪಿತೆಂದು ಆಟಗಾರನಿಗೆ ತಿಳಿಯುವುದಿಲ್ಲ. ಗಾಲಿಕುರ್ಚಿಯ ಚಕ್ರಗಳು ನಿಲ್ಲುವ ಜಾಗಕ್ಕೂ ನೆಲದಲ್ಲಿ ಗುರುತಿರಲಿ. ಎರಡೂ ಬ್ರೇಕ್, ಸೊಂಟದ ಬೆಲ್ಟ್, ಕಾಲಿಗೆ ಆಸರೆ ಮರೆಯಬೇಡಿ. ಚೆಂಡು ಬಿಡುವ ಕ್ಷಣದಲ್ಲಿ ಚಪ್ಪಾಳೆಯಾಗಲಿ ಕೂಗಾಗಲಿ ಬೇಡವೇ ಬೇಡ. ಏಕಾಏಕಿ ಸದ್ದಾದರೆ ಮೈ ಬೆಚ್ಚಿ ಬಿಗಿದುಕೊಳ್ಳುತ್ತದೆ, ಕಡ್ಡಿ ಎತ್ತಲೋ ಹೋಗುತ್ತದೆ. ಕತ್ತು ಬೇಗ ದಣಿಯುವುದರಿಂದ 20 ನಿಮಿಷಕ್ಕೆ ನಿಲ್ಲಿಸಿ. ಎಷ್ಟು ಹೆಚ್ಚಿಸಬಹುದೆಂದು ಫಿಸಿಯೋಥೆರಪಿಸ್ಟ್ ಹೇಳಲಿ.

ಬೇಕೆಂದೇ ಸೋತು ಅವನನ್ನು ಗೆಲ್ಲಿಸುವುದು ಬೇಡ ಎಂದೂ ಹೇಳಿದ್ದೆ. ಅವನೀಗ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು, ಆದರೂ ಅಭ್ಯಾಸದ ದಿನ ಬೆಳಿಗ್ಗೆಯೇ ಫಲಕದಲ್ಲಿ "ಚೆಂಡು" ಎಂದು ಮುಟ್ಟುತ್ತಾನಂತೆ. ಕೊನೆಯ ಭೇಟಿಯಲ್ಲಿ ಎದ್ದು ಹೊರಟ ತಾಯಿ ಬಾಗಿಲ ಬಳಿ ನಿಂತು ಕೇಳಿದರು: "ಊಟ ಮಾಡ್ಸುವಾಗ್ಲೂ 15 ಎಣಿಸ್ಬೇಕಾ ಮೇಡಂ?"

ಎಣಿಸಿ ಎಂದೆ.